‘ಅಂತೆ’ ಕಳಚುವ ಕೆಲಸ: ಶಾಲೆಯ ವಿಜ್ಞಾನ ಪ್ರಾಜೆಕ್ಟ್‌ಗೆ ನಂಬಬಹುದಾದ ಮೂಲಗಳನ್ನು ಆನ್‌ಲೈನ್‌ನಲ್ಲಿ ಹುಡುಕುವುದು ಹೇಗೆ

ಮಕ್ಕಳ ಪ್ರಾಜೆಕ್ಟ್ ವರದಿ ಕೈಗೆ ಬಂದರೆ ನಾನು ಮೊದಲು ತಿರುವುವುದು ಕೊನೆಯ ಪುಟವನ್ನು. ಎಷ್ಟೋ ಸಲ ಅಲ್ಲಿ ಒಂದೇ ಸಾಲು ಇರುತ್ತದೆ: ‘ಮೂಲ: ಗೂಗಲ್’. ಗೂಗಲ್ ಮೂಲ ಅಲ್ಲ, ಅದು ಲೈಬ್ರರಿಯ ಬಾಗಿಲು. ಪುಸ್ತಕ ಯಾವುದು ಎಂದು ಕೇಳಿದರೆ ಬಾಗಿಲು ತೋರಿಸಿದ ಹಾಗಾಯಿತು, ಅಲ್ವಾ?

ಕನ್ನಡದಲ್ಲಿ ನಮಗೊಂದು ಪುಟ್ಟ ಸೌಲಭ್ಯ ಇದೆ. ನಾವೇ ಕಂಡಿದ್ದರೆ ‘ಮಳೆ ಬಂತು’ ಅನ್ನುತ್ತೇವೆ. ಬೇರೆಯವರಿಂದ ಕೇಳಿದ್ದಾದರೆ ‘ಮಳೆ ಬಂತಂತೆ’. ಆ ಒಂದು ‘ಅಂತೆ’ ಸಾಕು, ಇದು ಕಂಡ ಮಾತಲ್ಲ, ಕೇಳಿದ ಮಾತು ಎಂದು ಗೊತ್ತಾಗುತ್ತದೆ. ವೆಬ್‌ಪುಟಗಳು ಈ ‘ಅಂತೆ’ಯನ್ನು ನುಂಗಿಬಿಡುತ್ತವೆ. ಅಲ್ಲಿ ಎಲ್ಲವೂ ಕಣ್ಣಾರೆ ಕಂಡಂತೆಯೇ ಬರೆದಿರುತ್ತದೆ. ಹಾಗಾಗಿ ಓದುವಾಗ ಪ್ರತಿ ಸಾಲಿನ ಕೊನೆಗೂ ಒಂದು ‘ಅಂತೆ’ ಸೇರಿಸಿಕೊಂಡು ಓದಿ. ಯಾರು ಅಳೆದರು, ಹೇಗೆ ಅಳೆದರು ಎಂಬುದು ಸಿಕ್ಕ ಮೇಲೆ ಮಾತ್ರ ಅದನ್ನು ಕಳಚಿ. ಈ ಬರಹದ ಹಂತಗಳೆಲ್ಲ ಇದೊಂದು ಕೆಲಸಕ್ಕಾಗಿಯೇ.

ಇದು ಯಾಕೆ ಬೇಕು ಎಂಬುದಕ್ಕೆ ನಾಲಿಗೆಯ ನಕ್ಷೆ ನೋಡಿ. ತುದಿಯಲ್ಲಿ ಸಿಹಿ, ಹಿಂದೆ ಕಹಿ, ಬದಿಗಳಲ್ಲಿ ಹುಳಿ ಮತ್ತು ಉಪ್ಪು ಎಂದು ಬಣ್ಣ ಬಣ್ಣದ ಚಿತ್ರಗಳು ನೆಟ್‌ನಲ್ಲಿ ರಾಶಿ ಬಿದ್ದಿವೆ. 1901ರಲ್ಲಿ ಜರ್ಮನಿಯ ಹೇನಿಗ್ ಎಂಬ ವಿಜ್ಞಾನಿ ನಾಲಿಗೆಯ ಅಂಚಿನ ಬೇರೆ ಬೇರೆ ಕಡೆ ರುಚಿಯ ಸೂಕ್ಷ್ಮತೆ ಅಳೆದರು. ಅಲ್ಪ ಸ್ವಲ್ಪ ವ್ಯತ್ಯಾಸ ಕಂಡಿತು, ಅಷ್ಟೆ. 1942ರಲ್ಲಿ ಎಡ್ವಿನ್ ಬೋರಿಂಗ್ ಎಂಬ ಮನಶ್ಶಾಸ್ತ್ರಜ್ಞ ಅದೇ ಅಂಕಿಗಳಿಂದ ಒಂದು ಗ್ರಾಫ್ ಬರೆದರು. ಆ ಗ್ರಾಫ್‌ನಲ್ಲಿ ಚಿಕ್ಕ ವ್ಯತ್ಯಾಸ ದೊಡ್ಡದಾಗಿ ಕಂಡಿತು. ಅಲ್ಲಿಂದ ಪಠ್ಯಪುಸ್ತಕ, ಅಲ್ಲಿಂದ ಪೋಸ್ಟರ್, ಅಲ್ಲಿಂದ ವೆಬ್‌ಪುಟ. 1974ರಲ್ಲಿ ವರ್ಜೀನಿಯಾ ಕಾಲಿಂಗ್ಸ್ ಮತ್ತೆ ಅಳೆದು ನೋಡಿದಾಗ ವ್ಯತ್ಯಾಸ ತೀರಾ ಸಣ್ಣದು ಎಂದು ಸಿಕ್ಕಿತು. ನಾಲಿಗೆಯಲ್ಲಿ ರುಚಿಮೊಗ್ಗು ಇರುವ ಕಡೆಯಲ್ಲೆಲ್ಲ ಎಲ್ಲ ರುಚಿಯೂ ತಿಳಿಯುತ್ತದೆ. ಆದರೂ ಚಿತ್ರ ಮಾತ್ರ ಇನ್ನೂ ಓಡಾಡುತ್ತಿದೆ. ನೂರು ಪುಟಗಳಲ್ಲಿ ಒಂದೇ ಮಾತು ಇದ್ದರೆ ಅದು ನೂರು ಸಾಕ್ಷಿ ಅಲ್ಲ. ಎಲ್ಲರೂ ಒಬ್ಬರನ್ನೇ ನಕಲು ಮಾಡಿದ್ದರೆ ಅದು ಒಂದೇ ಸಾಕ್ಷಿ, ಅದೂ ಸೋರುವ ಸಾಕ್ಷಿ.

ಹಂತ 1: ಹುಡುಕುವ ಮೊದಲು ಪ್ರಶ್ನೆಯನ್ನು ಒಡೆಯಿರಿ

ಒಂದು ಉದಾಹರಣೆ ಹಿಡಿದುಕೊಂಡು ಹೋಗೋಣ. ನಿಮ್ಮ ಪ್ರಾಜೆಕ್ಟ್ ‘ಉಪ್ಪು ನೀರಿನಲ್ಲಿ ಬೀಜ ಮೊಳಕೆ ಒಡೆಯುತ್ತದೆಯೇ?’ ಎಂದಿರಲಿ. ಇದನ್ನೇ ಹಾಗೆಯೇ ಸರ್ಚ್‌ಗೆ ಹಾಕಿದರೆ ಬರುವುದು ಬೇರೆ ಮಕ್ಕಳ ಪ್ರಾಜೆಕ್ಟ್‌ಗಳು ಮತ್ತು ಜಾಹೀರಾತು ತುಂಬಿದ ಪುಟಗಳು. ಒಂದು ಹಾಳೆ ತೆಗೆದುಕೊಂಡು ನಾಲ್ಕು ಸಣ್ಣ ಪ್ರಶ್ನೆ ಬರೆಯಿರಿ. ಮೊಳಕೆ ಒಡೆಯುವಾಗ ಬೀಜದೊಳಗೆ ಏನಾಗುತ್ತದೆ? ಉಪ್ಪು ಅದಕ್ಕೆ ಎಲ್ಲಿ ಅಡ್ಡ ಬರುತ್ತದೆ? ಎಷ್ಟು ಉಪ್ಪು ಅಂದರೆ ಜಾಸ್ತಿ? ಬೇರೆಯವರು ಇದನ್ನು ಹೇಗೆ ಪರೀಕ್ಷಿಸಿದ್ದಾರೆ?

ನಾಲ್ಕಕ್ಕೂ ಬೇರೆ ಬೇರೆ ಬಗೆಯ ಮೂಲ ಬೇಕು. ಮೊದಲ ಎರಡಕ್ಕೆ ಒಳ್ಳೆಯ ಪಠ್ಯಪುಸ್ತಕ ಅಥವಾ ವಿಶ್ವಕೋಶ ಸಾಕು. ಮೂರನೆಯದಕ್ಕೆ ಅಳತೆಯ ಅಂಕಿ ಬೇಕು. ನಾಲ್ಕನೆಯದಕ್ಕೆ ಸಂಶೋಧನಾ ಲೇಖನ ಬೇಕು. ಎಲ್ಲವನ್ನೂ ಒಂದೇ ಪುಟದಲ್ಲಿ ಕೊಡುತ್ತೇನೆ ಎನ್ನುವ ತಾಣ ಸಿಕ್ಕರೆ ಸ್ವಲ್ಪ ಅನುಮಾನ ಪಡಿ.

ಹಂತ 2: ಸರಿಯಾದ ಪದ ಸಂಪಾದಿಸಿ

ಕನ್ನಡದಲ್ಲಿ ಓದುವವರಿಗೆ ನಿಜವಾದ ತೊಡಕು ಇರುವುದು ಇಲ್ಲಿ. ವಿಜ್ಞಾನದ ಅಂಕಿ ಅಂಶ ಮತ್ತು ಲೇಖನ ಬಹುಪಾಲು ಇಂಗ್ಲಿಷಿನಲ್ಲಿವೆ. ನಮ್ಮ ಪುಸ್ತಕದಲ್ಲಿ ‘ಅಭಿಸರಣೆ’ ಎಂದಿದ್ದರೆ ಅಲ್ಲಿ ‘ಆಸ್ಮೋಸಿಸ್’ ಎಂದು ಹುಡುಕಬೇಕು. ‘ದ್ಯುತಿಸಂಶ್ಲೇಷಣೆ’ ಅಲ್ಲಿ ‘ಫೋಟೋಸಿಂಥೆಸಿಸ್’.

ಒಂದು ಸುಲಭದ ದಾರಿ ಇದೆ. ಕನ್ನಡ ವಿಕಿಪೀಡಿಯದಲ್ಲಿ ನಿಮ್ಮ ವಿಷಯದ ಪುಟ ತೆರೆಯಿರಿ. ಅಲ್ಲಿರುವ ಭಾಷೆಗಳ ಪಟ್ಟಿಯಲ್ಲಿ ಇಂಗ್ಲಿಷ್ ಒತ್ತಿ. ಅದೇ ವಿಷಯದ ಇಂಗ್ಲಿಷ್ ಪುಟ ತೆರೆದುಕೊಳ್ಳುತ್ತದೆ, ಅದರ ತಲೆಬರಹವೇ ನಿಮಗೆ ಬೇಕಾದ ಪದ. ನಿಘಂಟಿಗಿಂತ ಇದು ಎಷ್ಟೋ ಸಲ ವಾಸಿ, ಯಾಕೆಂದರೆ ವಿಜ್ಞಾನಿಗಳು ಬಳಸುವ ಪದವೇ ಸಿಗುತ್ತದೆ.

ಇನ್ನೊಂದು ಗುಟ್ಟು. ಮಾತಿನ ಪದ ಬೇರೆ, ಲೇಖನದ ಪದ ಬೇರೆ. ‘ಸಾಲ್ಟ್ ವಾಟರ್ ಸೀಡ್ಸ್’ ಎಂದು ಹುಡುಕಿದರೆ ಮಕ್ಕಳ ಪುಟಗಳು ಬರುತ್ತವೆ. ‘ಸ್ಯಾಲಿನಿಟಿ’ ಮತ್ತು ‘ಸೀಡ್ ಜರ್ಮಿನೇಶನ್’ ಎಂದು ಹಾಕಿ ನೋಡಿ, ಬೇರೆಯದೇ ಜಗತ್ತು ತೆರೆದುಕೊಳ್ಳುತ್ತದೆ. ಮೊದಲ ಒಳ್ಳೆಯ ಲೇಖನ ಸಿಕ್ಕ ಕೂಡಲೇ ಅದರ ಸಾರಾಂಶದ ಕೆಳಗಿರುವ ‘ಕೀವರ್ಡ್ಸ್’ ಸಾಲನ್ನು ನಿಮ್ಮ ಹಾಳೆಗೆ ಇಳಿಸಿಕೊಳ್ಳಿ. ಮುಂದಿನ ಹುಡುಕಾಟ ಅರ್ಧ ಮುಗಿದಂತೆ.

ಹಂತ 3: ವಿಕಿಪೀಡಿಯವನ್ನು ಮೆಟ್ಟಿಲಾಗಿ ಬಳಸಿ

‘ವಿಕಿಪೀಡಿಯ ನೋಡಲೇಬೇಡಿ’ ಎನ್ನುವವರ ಮಾತು ನನಗೆ ಒಪ್ಪಿಗೆ ಇಲ್ಲ. 2001ರಿಂದ ನಡೆಯುತ್ತಿರುವ ಈ ವಿಶ್ವಕೋಶ ವಿಷಯದ ಪರಿಚಯಕ್ಕೆ ತುಂಬಾ ಒಳ್ಳೆಯದು. ಆದರೆ ಅಲ್ಲೇ ಕೂತುಬಿಡಬೇಡಿ. ವಾಕ್ಯದ ಪಕ್ಕದಲ್ಲಿ ಚಿಕ್ಕ ಅಂಕಿ ಇರುತ್ತದಲ್ಲ, ಅದನ್ನು ಒತ್ತಿದರೆ ಆ ಮಾತು ಎಲ್ಲಿಂದ ಬಂತು ಎಂಬುದು ಪುಟದ ಕೆಳಗೆ ಸಿಗುತ್ತದೆ. ಅಲ್ಲಿಗೆ ಹೋಗಿ ಓದಿ. ವರದಿಯಲ್ಲಿ ಹಾಕಬೇಕಾದದ್ದು ಆ ಮೂಲವನ್ನು. ಆದರೆ ಓದದೆ ಸುಮ್ನೆ ನಕಲು ಮಾಡಿ ಹಾಕಬೇಡಿ. ಆ ಮೂಲ ತೆರೆದು ನೋಡಿದರೆ ವಿಕಿಪೀಡಿಯ ಹೇಳಿದ ಮಾತೇ ಅಲ್ಲಿ ಇಲ್ಲದಿರುವುದೂ ಉಂಟು.

ಅಂಕಿ ಇಲ್ಲದ ವಾಕ್ಯ, ಅಥವಾ ‘ಉಲ್ಲೇಖ ಬೇಕು’ ಎಂಬ ಗುರುತು ಇರುವ ವಾಕ್ಯ ಎಷ್ಟೇ ಚೆನ್ನಾಗಿದ್ದರೂ ಬಿಟ್ಟುಬಿಡಿ. ಜಗಳದ ವಿಷಯವಾದರೆ ‘ಚರ್ಚೆ’ ಎಂಬ ಟ್ಯಾಬ್ ಕೂಡ ನೋಡಿ. ಸಂಪಾದಕರು ಯಾವುದರ ಬಗ್ಗೆ ಕಿತ್ತಾಡಿದ್ದಾರೆ ಎಂಬುದರಿಂದಲೇ ಎಷ್ಟೋ ತಿಳಿಯುತ್ತದೆ.

ಹಂತ 4: ಸರ್ಚ್‌ಗೆ ಸರಿಯಾಗಿ ಹೇಳಿ

ಪದಗಳ ಗುಂಪನ್ನು ಉದ್ಧರಣ ಚಿಹ್ನೆಗಳ ಒಳಗೆ ಹಾಕಿದರೆ ಅದೇ ಕ್ರಮದಲ್ಲಿರುವ ಪುಟಗಳಿಗೆ ಆದ್ಯತೆ ಸಿಗುತ್ತದೆ. ಬೇಡದ ಪದದ ಮುಂದೆ ಜಾಗ ಬಿಡದೆ ಮೈನಸ್ ಗುರುತು ಹಾಕಿದರೆ ಆ ಪದ ಇರುವ ಪುಟಗಳು ಹೋಗುತ್ತವೆ. ಮಾರಾಟದ ಪುಟಗಳು ಕಾಟ ಕೊಟ್ಟರೆ ಇದು ಕೆಲಸಕ್ಕೆ ಬರುತ್ತದೆ.

ಎಲ್ಲಕ್ಕಿಂತ ಉಪಯೋಗದ್ದು ‘ಸೈಟ್’ ಆಜ್ಞೆ. ಇಂಗ್ಲಿಷಿನಲ್ಲಿ ‘site’ ಎಂದು ಟೈಪ್ ಮಾಡಿ, ಅದಕ್ಕೆ ಅಂಟಿಕೊಂಡಂತೆ ಕೋಲನ್ ಹಾಕಿ, ಆಮೇಲೆ ಜಾಗ ಬಿಡದೆ ತಾಣದ ವಿಳಾಸ ಅಥವಾ ವಿಳಾಸದ ಬಾಲ ಬರೆಯಿರಿ. ಆಗ ಅಲ್ಲಿಯ ಪುಟಗಳು ಮಾತ್ರ ಬರುತ್ತವೆ. ‘ಡಾಟ್ ಗವ್’ ಎಂಬ ಬಾಲ ಅಮೆರಿಕದ ಸರ್ಕಾರಿ ಸಂಸ್ಥೆಗಳದ್ದು, ‘ಡಾಟ್ ಎಡು’ ಹೆಚ್ಚಾಗಿ ಅಲ್ಲಿಯ ಕಾಲೇಜು ಮತ್ತು ವಿಶ್ವವಿದ್ಯಾಲಯಗಳದ್ದು. ‘ಡಾಟ್ ಆರ್ಗ್’ ನೋಡಿ ಮರುಳಾಗಬೇಡಿ. ಅದನ್ನು ಯಾರು ಬೇಕಾದರೂ ಕೊಳ್ಳಬಹುದು. ಕೆಲವು ಶಿಕ್ಷಕರೂ ಆರ್ಗ್ ಎಂದರೆ ನಂಬಬಹುದು ಎಂದು ಹೇಳಿಕೊಡುತ್ತಾರೆ. ಅದು ಹಳೆಯ ನಂಬಿಕೆ, ಬಿಟ್ಟುಬಿಡುವುದು ಒಳ್ಳೆಯದು.

ಫಲಿತಾಂಶದ ಮೇಲ್ಭಾಗದಲ್ಲಿ ‘ಪ್ರಾಯೋಜಿತ’ ಎಂದಿರುವವು ಹಣ ಕೊಟ್ಟು ಕೂತಿರುವ ಪುಟಗಳು. ಮೊದಲು ಬಂದ ಪುಟ ಒಳ್ಳೆಯ ಪುಟ ಎಂದೇನಿಲ್ಲ. ಎರಡನೇ ಪುಟದವರೆಗೂ ಕಣ್ಣಾಡಿಸಿ, ಆಮೇಲೆ ಕ್ಲಿಕ್ ಮಾಡಿ.

ಹಂತ 5: ಅಳೆದವರ ಮನೆಗೇ ಹೋಗಿ

ನನ್ನ ಪ್ರಕಾರ ಶಾಲೆಯ ಪ್ರಾಜೆಕ್ಟ್‌ಗಳಲ್ಲಿ ಅತಿ ಕಡಿಮೆ ಬಳಕೆಯಾಗುವ ಭಂಡಾರ ಇದು. ಜಗತ್ತಿನ ಎಷ್ಟೋ ಸಂಸ್ಥೆಗಳು ತಾವು ಅಳೆದ ಅಂಕಿಗಳನ್ನೇ ಉಚಿತವಾಗಿ ಇಟ್ಟಿವೆ. ಲೇಖನ ಓದಿ ಯಾರೋ ಬರೆದ ಲೇಖನವನ್ನು ಓದುವ ಬದಲು, ಅಂಕಿಗಳನ್ನೇ ಇಳಿಸಿಕೊಂಡು ನೀವೇ ಗ್ರಾಫ್ ಬರೆಯಬಹುದು.

ಹವಾಮಾನದ ವಿಷಯ ತೆಗೆದುಕೊಳ್ಳಿ. ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ 1958ರಿಂದ ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್ ಅಳೆಯುತ್ತಿದ್ದಾರೆ. ಶುರು ಮಾಡಿದವರು ಚಾರ್ಲ್ಸ್ ಕೀಲಿಂಗ್. ಆಗ ಹತ್ತು ಲಕ್ಷ ಅಣುಗಳಲ್ಲಿ ಸುಮಾರು 315 ಇದ್ದದ್ದು 2024ರ ವಾರ್ಷಿಕ ಸರಾಸರಿಯಲ್ಲಿ 424 ದಾಟಿದೆ. ತಿಂಗಳು ತಿಂಗಳಿನ ಅಂಕಿ ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆ ನೋವಾದ ತಾಣದಲ್ಲಿ ಇದೆ. ಆ ಗ್ರಾಫ್ ವರ್ಷಕ್ಕೊಮ್ಮೆ ಗರಗಸದ ಹಲ್ಲಿನಂತೆ ಏರಿ ಇಳಿಯುತ್ತದೆ. ಯಾಕೆ ಎಂದು ಹುಡುಕಿ ಹೊರಟರೆ ಅದೇ ಒಂದು ಪ್ರಾಜೆಕ್ಟ್. ಮಳೆ, ಉಷ್ಣತೆ, ಬಿಸಿಲಿನ ಅಂಕಿ ಬೇಕಿದ್ದರೆ ನಾಸಾದ ‘ಪವರ್’ ಎಂಬ ತಾಣ ಇದೆ. ನಕ್ಷೆಯಲ್ಲಿ ಭೂಮಿಯ ಮೇಲಿನ ಯಾವ ಜಾಗ ಒತ್ತಿದರೂ ಹಿಂದಿನ ದಶಕಗಳ ದಿನವಹಿ ಅಂಕಿ ಕೊಡುತ್ತದೆ. ಆದರೆ ಇವು ಉಪಗ್ರಹ ಮತ್ತು ಕಂಪ್ಯೂಟರ್ ಮಾದರಿಗಳಿಂದ ಬಂದ ಅಂದಾಜು, ಆ ಜಾಗದಲ್ಲಿ ಯಾರೋ ನಿಂತು ಅಳೆದದ್ದಲ್ಲ. ವರದಿಯಲ್ಲಿ ಹಾಗೆಂದು ಬರೆಯಿರಿ.

ಭೂಕಂಪಕ್ಕೆ ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯ ಪಟ್ಟಿ ಇದೆ. ದಿನಾಂಕ, ತೀವ್ರತೆ, ಪ್ರದೇಶ ಕೊಟ್ಟರೆ ಸ್ಪ್ರೆಡ್‌ಶೀಟ್ ಆಗಿ ಇಳಿಯುತ್ತದೆ. ಪ್ರಾಣಿ, ಪಕ್ಷಿ, ಗಿಡಗಳು ಎಲ್ಲಿ ಕಂಡವು ಎಂಬುದಕ್ಕೆ ಜಿಬಿಐಎಫ್ ಇದೆ, 200 ಕೋಟಿಗೂ ಹೆಚ್ಚು ದಾಖಲೆಗಳಿವೆ. ಹಕ್ಕಿಗಳಿಗಾದರೆ ಕಾರ್ನೆಲ್ ವಿಶ್ವವಿದ್ಯಾಲಯದ ಇಬರ್ಡ್. ಇಲ್ಲೊಂದು ಎಚ್ಚರಿಕೆ. ಒಂದು ಜಾಗದಲ್ಲಿ ದಾಖಲೆ ಜಾಸ್ತಿ ಇದೆ ಎಂದರೆ ಹಕ್ಕಿ ಜಾಸ್ತಿ ಇದೆ ಎಂದಲ್ಲ. ಹಕ್ಕಿ ನೋಡುವವರು ಜಾಸ್ತಿ ಇರಬಹುದು!

ರಾಸಾಯನಿಕಗಳ ಕುದಿಬಿಂದು, ಕರಗುವಿಕೆ, ಅಪಾಯದ ಸೂಚನೆಗೆ ಪಬ್‌ಕೆಮ್ ನೋಡಿ. ಪ್ರಯೋಗ ಮಾಡುವ ಮೊದಲು ಅಪಾಯದ ಭಾಗವನ್ನಂತೂ ಓದಲೇಬೇಕು. ಆಹಾರದ ಪೋಷಕಾಂಶಗಳಿಗೆ ಅಮೆರಿಕದ ಕೃಷಿ ಇಲಾಖೆಯ ಫುಡ್‌ಡೇಟಾ ಸೆಂಟ್ರಲ್. ಪಠ್ಯದ ಮಟ್ಟದ ವಿವರಣೆಗೆ ರೈಸ್ ವಿಶ್ವವಿದ್ಯಾಲಯದ ಓಪನ್‌ಸ್ಟ್ಯಾಕ್ಸ್, ಅಲ್ಲಿ ಪೂರ್ತಿ ಪಠ್ಯಪುಸ್ತಕಗಳೇ ಉಚಿತ. ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ತಾಣದ ಆಟದಂಥ ಮಾದರಿಗಳು ತತ್ವ ಅರ್ಥಮಾಡಿಕೊಳ್ಳಲು ಚೆನ್ನ. ಆದರೆ ಅದರಲ್ಲಿ ಬಂದ ಅಂಕಿಗಳನ್ನು ‘ಪ್ರಯೋಗದ ಫಲಿತಾಂಶ’ ಎಂದು ಬರೆಯಬೇಡಿ. ಸೂತ್ರ ಹಾಕಿದವರು ಯಾರೋ, ಅದು ಅದೇ ಸೂತ್ರವನ್ನು ವಾಪಸ್ ಕೊಡುತ್ತದೆ, ಅಷ್ಟೆ.

ನಮ್ಮ ಉಪ್ಪಿನ ಪ್ರಶ್ನೆಗೆ? ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1985ರಲ್ಲಿ ಹೊರತಂದ ನೀರಾವರಿ ನೀರಿನ ಗುಣಮಟ್ಟದ ಕೈಪಿಡಿ ನೆಟ್‌ನಲ್ಲಿ ಪೂರ್ತಿ ಸಿಗುತ್ತದೆ. ಯಾವ ಬೆಳೆ ಎಷ್ಟು ಉಪ್ಪು ತಡೆಯುತ್ತದೆ ಎಂಬ ಕೋಷ್ಟಕ ಅದರಲ್ಲಿದೆ. ಉಪ್ಪು ಹೆಚ್ಚಿದಷ್ಟೂ ವಿದ್ಯುತ್ ಸುಲಭವಾಗಿ ಹರಿಯುವುದರಿಂದ ಅಲ್ಲಿ ಉಪ್ಪನ್ನು ವಿದ್ಯುತ್ ವಾಹಕತೆಯ ಲೆಕ್ಕದಲ್ಲಿ ಕೊಟ್ಟಿದ್ದಾರೆ. ಬೀನ್ಸ್‌ನ ಇಳುವರಿ ಮಣ್ಣಿನ ವಿದ್ಯುತ್ ವಾಹಕತೆ ಮೀಟರಿಗೆ 1 ಡೆಸಿಸೀಮೆನ್ಸ್ ದಾಟಿದರೆ ಕುಸಿಯಲು ಶುರು. ಬಾರ್ಲಿ 8ರವರೆಗೂ ತಡೆಯುತ್ತದೆ. ‘ಉಪ್ಪು ನೀರು ಗಿಡಕ್ಕೆ ಕೆಟ್ಟದ್ದು’ ಎಂಬ ವೆಬ್‌ಪುಟದ ಸಾಲಿಗೂ ಇದಕ್ಕೂ ಎಷ್ಟು ವ್ಯತ್ಯಾಸ ನೋಡಿ. ಬೀಜ ಯಾವುದು ಎಂದು ಹೇಳದೆ ಆ ಸಾಲಿಗೆ ಅರ್ಥವೇ ಇಲ್ಲ.

ಹಂತ 6: ಸಂಶೋಧನಾ ಲೇಖನಕ್ಕೆ ಹೆದರಬೇಡಿ

2004ರಲ್ಲಿ ಶುರುವಾದ ಗೂಗಲ್ ಸ್ಕಾಲರ್ ಬೇರೆ, ಮಾಮೂಲಿ ಗೂಗಲ್ ಬೇರೆ. ಅದು ಹೆಚ್ಚಾಗಿ ಸಂಶೋಧನಾ ಲೇಖನ, ಪ್ರಬಂಧ, ಪುಸ್ತಕಗಳನ್ನು ಹುಡುಕುತ್ತದೆ. ಕೋಕಾಕೋಲಾಕ್ಕೆ ಮೆಂಟೋಸ್ ಹಾಕಿ ಕಾರಂಜಿ ಎಬ್ಬಿಸುವುದು ಬರೀ ತಮಾಷೆ ಎಂದುಕೊಂಡಿದ್ದೀರಾ? ಸ್ಕಾಲರ್‌ನಲ್ಲಿ ಹುಡುಕಿ. ಟೋನ್ಯಾ ಕಾಫಿ ಎಂಬ ಭೌತವಿಜ್ಞಾನಿ 2008ರಲ್ಲಿ ಅಮೆರಿಕನ್ ಜರ್ನಲ್ ಆಫ್ ಫಿಸಿಕ್ಸ್‌ನಲ್ಲಿ ಇದರ ಮೇಲೇ ಲೇಖನ ಬರೆದಿದ್ದಾರೆ. ಮೆಂಟೋಸ್ ಮಿಠಾಯಿಯ ಒರಟು ಮೇಲ್ಮೈ ಗುಳ್ಳೆ ಹುಟ್ಟಲು ಹೇಗೆ ಜಾಗ ಕೊಡುತ್ತದೆ ಎಂಬುದು ಅದರಲ್ಲಿದೆ. ಸೀದಾ ಸಾದಾ ಪ್ರಶ್ನೆಗೂ ಯಾರೋ ಗಂಭೀರವಾಗಿ ತಲೆ ಕೆಡಿಸಿಕೊಂಡಿರುತ್ತಾರೆ.

ಸ್ಕಾಲರ್‌ನಲ್ಲಿ ಪ್ರತಿ ಫಲಿತಾಂಶದ ಕೆಳಗಿನ ಸಾಲು ನೋಡಿ. ‘ಸೈಟೆಡ್ ಬೈ’ ಒತ್ತಿದರೆ ಈ ಲೇಖನವನ್ನು ಆಮೇಲೆ ಯಾರು ಯಾರು ಬಳಸಿದರು ಎಂದು ಬರುತ್ತದೆ. ಲೇಖನದ ಕೊನೆಯ ಪಟ್ಟಿ ಹಿಂದಕ್ಕೆ ಕರೆದೊಯ್ದರೆ, ಇದು ಮುಂದಕ್ಕೆ ಕರೆದೊಯ್ಯುತ್ತದೆ. ಯಾರಾದರೂ ಮೊದಲಿನವರು ತಪ್ಪು ಎಂದಿದ್ದರೆ ಇಲ್ಲೇ ಗೊತ್ತಾಗುವುದು.

ಹಣ ಕೇಳಿದರೆ ಕೊಡಬೇಡಿ. ‘ಆಲ್ ವರ್ಷನ್ಸ್’ ಒತ್ತಿ ನೋಡಿ, ಲೇಖಕರು ತಮ್ಮ ಪುಟದಲ್ಲಿ ಉಚಿತ ಪ್ರತಿ ಇಟ್ಟಿರಬಹುದು. ಅನ್‌ಪೇವಾಲ್ ಎಂಬ ಬ್ರೌಸರ್ ಸಲಕರಣೆ ಕಾನೂನುಬದ್ಧ ಉಚಿತ ಪ್ರತಿ ಇದ್ದರೆ ತೋರಿಸುತ್ತದೆ. ಜೀವವಿಜ್ಞಾನ ಮತ್ತು ವೈದ್ಯಕೀಯಕ್ಕೆ ಪಬ್‌ಮೆಡ್ ಸೆಂಟ್ರಲ್‌ನಲ್ಲಿ ಪೂರ್ತಿ ಲೇಖನಗಳೇ ಉಚಿತ. ಯಾವುದೂ ಸಿಗದಿದ್ದರೆ ದೊಡ್ಡವರ ಸಹಾಯದಿಂದ ಲೇಖಕರಿಗೇ ಎರಡು ಸಾಲಿನ ಇಮೇಲ್ ಬರೆಯಬಹುದು. ಶಾಲೆಯ ವಿದ್ಯಾರ್ಥಿ ತಮ್ಮ ಕೆಲಸದ ಬಗ್ಗೆ ಕೇಳಿದರೆ ಖುಷಿಪಡುವ ವಿಜ್ಞಾನಿಗಳು ಇದ್ದಾರೆ.

ಓದುವ ಕ್ರಮವೂ ಬೇರೆ. ಮೊದಲಿಂದ ಕೊನೆವರೆಗೆ ಓದಲು ಹೋದರೆ ಎರಡನೇ ಪುಟಕ್ಕೇ ನಿದ್ದೆ ಬರುತ್ತದೆ. ಮೊದಲು ಸಾರಾಂಶ ಓದಿ. ಆಮೇಲೆ ಚಿತ್ರ ಮತ್ತು ಗ್ರಾಫ್‌ಗಳು, ಅವುಗಳ ಕೆಳಗಿನ ಬರಹ. ಆಮೇಲೆ ಕೊನೆಯ ಚರ್ಚೆ. ಕೊನೆಗೆ ‘ವಿಧಾನ’ ಎಂಬ ಭಾಗ, ಯಾಕೆಂದರೆ ಎಷ್ಟು ಬೀಜ, ಎಷ್ಟು ದಿನ, ಎಷ್ಟು ಉಷ್ಣತೆ ಎಂಬುದು ಅಲ್ಲಿರುತ್ತದೆ. ನಿಮ್ಮ ಪ್ರಯೋಗಕ್ಕೆ ಅದೇ ಅಳತೆಗೋಲು. ಗಣಿತದ ಭಾಗ ಅರ್ಥವಾಗದಿದ್ದರೆ ಬಿಟ್ಟುಬಿಡಿ. ಎಲ್ಲ ಅರ್ಥವಾಗಬೇಕೆಂದೇನಿಲ್ಲ. ಅರ್ಥವಾಗದ್ದನ್ನು ಅರ್ಥವಾದಂತೆ ಬರೆಯದಿದ್ದರಾಯಿತು.

ಇದೂ ಕಷ್ಟವಾದರೆ ಫ್ರಾಂಟಿಯರ್ಸ್ ಫಾರ್ ಯಂಗ್ ಮೈಂಡ್ಸ್ ನೋಡಿ. 2013ರಲ್ಲಿ ಶುರುವಾದ ಈ ಪತ್ರಿಕೆಗೆ ಬರೆಯುವವರು ವಿಜ್ಞಾನಿಗಳು, ಆದರೆ ಲೇಖನ ತಿದ್ದಿಸುವ ವಿಮರ್ಶಕರು 8ರಿಂದ 15 ವರ್ಷದ ಮಕ್ಕಳು. ಮಗುವಿಗೆ ಅರ್ಥವಾಗುವಂತೆ ವಿಜ್ಞಾನಿಯೇ ಬರೆಯಬೇಕು.

ಜೊತೆಗೆ ಎರಡು ವಿಷಯ ಗೊತ್ತಿರಲಿ. ಆರ್‌ಕೈವ್‌ನಂಥ (arXiv) ತಾಣಗಳಲ್ಲಿರುವುದು ಪ್ರೀಪ್ರಿಂಟ್, ಅಂದರೆ ಬೇರೆ ವಿಜ್ಞಾನಿಗಳ ಪರಿಶೀಲನೆ ಆಗುವ ಮೊದಲೇ ಹಾಕಿದ ಪ್ರತಿ. ಬಳಸಬಹುದು, ಆದರೆ ‘ಪ್ರೀಪ್ರಿಂಟ್’ ಎಂದೇ ನಮೂದಿಸಿ. ಇನ್ನು, ಹಣ ಕೊಟ್ಟರೆ ಏನು ಬೇಕಾದರೂ ಅಚ್ಚು ಹಾಕುವ ಪತ್ರಿಕೆಗಳೂ ಇವೆ. 2013ರಲ್ಲಿ ಜಾನ್ ಬೊಹಾನನ್ ಎಂಬ ಪತ್ರಕರ್ತ ಬೇಕೆಂದೇ ತಪ್ಪು ತುಂಬಿದ ನಕಲಿ ಲೇಖನವನ್ನು 304 ಪತ್ರಿಕೆಗಳಿಗೆ ಕಳಿಸಿದರು. 157 ಪತ್ರಿಕೆಗಳು ಒಪ್ಪಿಕೊಂಡವು! ಪತ್ರಿಕೆಯ ಹೆಸರು ಹೊಸದಾಗಿ ಕಂಡರೆ ಉಚಿತವಾಗಿ ಓದಬಹುದಾದ ಪತ್ರಿಕೆಗಳ ಡಿಒಎಜೆ ಎಂಬ ಪಟ್ಟಿಯಲ್ಲಿ ಇದೆಯೇ ಎಂದು ನೋಡುವುದು ಒಂದು ದಾರಿ. ಆ ಪರೀಕ್ಷೆಯಾದ ಮೇಲೆ ಪಟ್ಟಿಗೆ ಸೇರಿಸುವ ನಿಯಮ ಬಿಗಿಯಾಗಿದೆ.

ಹಂತ 7: ಗುರುತಿಲ್ಲದ ತಾಣ ಸಿಕ್ಕರೆ ಅದರಿಂದ ಹೊರಗೆ ಬನ್ನಿ

ಸ್ಟ್ಯಾನ್‌ಫರ್ಡ್‌ನ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 10 ಇತಿಹಾಸಕಾರರು, 10 ಸುದ್ದಿ ಪರಿಶೀಲಕರು, 25 ಕಾಲೇಜು ವಿದ್ಯಾರ್ಥಿಗಳು ಗುರುತಿಲ್ಲದ ತಾಣಗಳನ್ನು ಹೇಗೆ ತೂಗಿ ನೋಡುತ್ತಾರೆ ಎಂದು ಗಮನಿಸಿದರು. ಪಿಎಚ್‌ಡಿ ಮಾಡಿದ ಇತಿಹಾಸಕಾರರೂ ಚೆಂದದ ಲೋಗೊ, ಗಂಭೀರ ಹೆಸರು ನೋಡಿ ಮೋಸಹೋದರು. ಸುದ್ದಿ ಪರಿಶೀಲಕರು ಮಾತ್ರ ಬೇಗ ಮತ್ತು ಸರಿಯಾಗಿ ಹೇಳಿದರು. ಅವರು ಮಾಡಿದ್ದು ಇಷ್ಟೆ: ಆ ಪುಟ ಓದುತ್ತಾ ಕೂರಲಿಲ್ಲ. ಪಕ್ಕದಲ್ಲಿ ಹೊಸ ಟ್ಯಾಬ್ ತೆರೆದು, ಈ ತಾಣದ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ಎಂದು ಹುಡುಕಿದರು.

ವ್ಯಕ್ತಿಯ ವಿಷಯದಲ್ಲೂ ನಾವು ಹೀಗೇ ಮಾಡುತ್ತೇವಲ್ಲ. ಒಬ್ಬರ ಬಗ್ಗೆ ತಿಳಿಯಬೇಕಾದರೆ ಅವರನ್ನೇ ಕೇಳುವುದಿಲ್ಲ, ಅಕ್ಕಪಕ್ಕದವರನ್ನು ಕೇಳುತ್ತೇವೆ. ‘ನಮ್ಮ ಬಗ್ಗೆ’ ಪುಟವೊಂದನ್ನೇ ನಂಬಬೇಡಿ. ಸಂಸ್ಥೆಯ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ, ಅವರ ತಾಣವನ್ನು ಮೈನಸ್ ಮಾಡಿ ಹುಡುಕಿ. ಯಾರ ಹಣದಿಂದ ನಡೆಯುತ್ತದೆ? ಏನಾದರೂ ಮಾರುತ್ತಾರೆಯೇ?

ಅದೇ ಬೊಹಾನನ್ 2015ರಲ್ಲಿ ಇನ್ನೊಂದು ಆಟ ಹೂಡಿದರು. ಚಾಕೊಲೇಟ್ ತಿಂದರೆ ಬೇಗ ತೂಕ ಇಳಿಯುತ್ತದೆ ಎಂಬ ಅಧ್ಯಯನ ಪ್ರಕಟಿಸಿದರು. ಹಲವು ದೇಶಗಳ ಪತ್ರಿಕೆಗಳು ಸುದ್ದಿ ಮಾಡಿದವು. ಅಧ್ಯಯನ ನಡೆಸಿದ ಆಹಾರ ಸಂಸ್ಥೆ ಎಂಬುದು ಬರೀ ಒಂದು ವೆಬ್‌ಸೈಟ್! ಪ್ರಯೋಗ ಮಾತ್ರ ನಿಜವಾಗಿ ನಡೆದಿತ್ತು, ಅದೇ ಇಲ್ಲಿ ಕಲಿಯಬೇಕಾದದ್ದು. 15 ಜನರ ಮೇಲೆ 18 ಬಗೆಯ ಅಳತೆ ತೆಗೆದಿದ್ದರು. ಅಷ್ಟು ಕಡಿಮೆ ಜನರಲ್ಲಿ ಅಷ್ಟೊಂದು ಅಳೆದರೆ ಯಾವುದಾದರೂ ಒಂದು ಸುಮ್ಮಸುಮ್ಮನೆ ‘ಗಣನೀಯ’ ಎಂದು ಕಾಣುತ್ತದೆ. ಹಾಗಾಗಿ ಅಧ್ಯಯನ ಸಿಕ್ಕ ಕೂಡಲೇ ಎರಡು ಅಂಕಿ ಹುಡುಕಿ: ಎಷ್ಟು ಜನ ಅಥವಾ ಎಷ್ಟು ಬೀಜ, ಮತ್ತು ಏನೇನು ಅಳೆದರು.

ಕೆಲವು ಸಲ ಹೇಳಿದ್ದೆಲ್ಲ ನಿಜವಾಗಿದ್ದೂ ಮೋಸ ಇರುತ್ತದೆ. 1997ರಲ್ಲಿ ಅಮೆರಿಕದ 14 ವರ್ಷದ ಹುಡುಗನೊಬ್ಬ ತನ್ನ ವಿಜ್ಞಾನ ಪ್ರಾಜೆಕ್ಟ್‌ಗಾಗಿ ‘ಡೈಹೈಡ್ರೋಜನ್ ಮೊನಾಕ್ಸೈಡ್’ ಬಗ್ಗೆ ಎಚ್ಚರಿಸಿದ. ಉಸಿರಿಗೆ ಹೋದರೆ ಸಾವು, ಆವಿಯಾದರೆ ಸುಡುತ್ತದೆ, ಆಮ್ಲಮಳೆಯಲ್ಲಿ ಇರುತ್ತದೆ, ಲೋಹಕ್ಕೆ ತುಕ್ಕು ಹಿಡಿಸುತ್ತದೆ. ಇದನ್ನು ನಿಷೇಧಿಸಬೇಕೇ ಎಂದು 50 ಸಹಪಾಠಿಗಳನ್ನು ಕೇಳಿದ. 43 ಮಂದಿ ಹೌದು ಎಂದರು. ಅದು ನೀರು. ಅವನ ಪ್ರಾಜೆಕ್ಟ್‌ಗೆ ಮೊದಲ ಬಹುಮಾನ ಬಂತು.

ಹಂತ 8: ಪ್ರತಿ ಅಂಕಿಯ ಬೇರು ಹುಡುಕಿ

‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯೇ ಇದೆ. ತಪ್ಪನ್ನು ತಿದ್ದುವವರ ಮಾತಿಗೂ ಅದು ಅನ್ವಯಿಸುತ್ತದೆ. ಪಾಲಕ್ ಸೊಪ್ಪಿನ ಕತೆ ಕೇಳಿರಬಹುದು. ಹಳೆಯ ವಿಜ್ಞಾನಿಯೊಬ್ಬರು ದಶಮಾಂಶ ಬಿಂದು ತಪ್ಪಾಗಿ ಹಾಕಿದ್ದರಿಂದ ಪಾಲಕ್‌ನಲ್ಲಿ ಹತ್ತು ಪಟ್ಟು ಕಬ್ಬಿಣ ಇದೆ ಎಂಬ ನಂಬಿಕೆ ಬಂತಂತೆ. 1981ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನ ಒಂದು ಬರಹದಿಂದ ಈ ಕತೆ ಹಬ್ಬಿತು. 2010ರಲ್ಲಿ ಮೈಕ್ ಸಟನ್ ಎಂಬವರು ಬೇರು ಹುಡುಕುತ್ತಾ ಹೋದರು. ಆ ದಶಮಾಂಶದ ತಪ್ಪಿಗೆ ಆಧಾರವೇ ಸಿಗಲಿಲ್ಲ. ಅಂದರೆ ತಪ್ಪನ್ನು ಬಯಲು ಮಾಡುವ ಕತೆಯೇ ಒಂದು ‘ಅಂತೆ’! ಪಾಲಕ್‌ನಲ್ಲಿ ಎಷ್ಟು ಕಬ್ಬಿಣ ಇದೆ ಎಂದು ಫುಡ್‌ಡೇಟಾ ಸೆಂಟ್ರಲ್‌ನಲ್ಲಿ ನೋಡಿ. ಹಸಿ ಸೊಪ್ಪಿನ 100 ಗ್ರಾಂಗೆ 2.7 ಮಿಲಿಗ್ರಾಂ.

ಅಂಕಿ ಸಿಕ್ಕರೆ ಏಕಮಾನ ನೋಡುವುದನ್ನು ಮರೆಯಬೇಡಿ. ಉಪ್ಪನ್ನು ಒಬ್ಬರು ಲೀಟರಿಗೆ ಗ್ರಾಂ ಎನ್ನುತ್ತಾರೆ, ಇನ್ನೊಬ್ಬರು ಕಣಗಳ ಎಣಿಕೆಯ ಲೆಕ್ಕದಲ್ಲಿ ಮಿಲಿಮೋಲಾರ್, ಮತ್ತೊಬ್ಬರು ಡೆಸಿಸೀಮೆನ್ಸ್. ಮೀಟರಿಗೆ 1 ಡೆಸಿಸೀಮೆನ್ಸ್ ಅಂದರೆ ಲೀಟರಿಗೆ ಸುಮಾರು 640 ಮಿಲಿಗ್ರಾಂ ಲವಣ ಎಂದು ಲೆಕ್ಕ ಹಾಕುವ ರೂಢಿ ಇದೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ. ಎಲ್ಲವನ್ನೂ ಒಂದೇ ಏಕಮಾನಕ್ಕೆ ತಂದರೆ, ಕಿತ್ತಾಡುತ್ತಿರುವಂತೆ ಕಂಡ ಮೂಲಗಳು ಒಂದೇ ಮಾತು ಹೇಳುತ್ತಿದ್ದವು ಎಂದು ಎಷ್ಟೋ ಸಲ ಗೊತ್ತಾಗುತ್ತದೆ. ಆಮೇಲೂ ಹೊಂದದಿದ್ದರೆ ಅವರು ಅಳೆದದ್ದೇ ಬೇರೆ ಇರಬಹುದು. ಮೇಲಿನ ಕೋಷ್ಟಕ ಇಳುವರಿಯದ್ದು, ಮೊಳಕೆಯದ್ದಲ್ಲ. ಕೆಲವು ಬೆಳೆ ಒಂದು ಹಂತದಲ್ಲಿ ಉಪ್ಪು ತಡೆದು ಇನ್ನೊಂದು ಹಂತದಲ್ಲಿ ಸೋಲುತ್ತದೆ. ಈ ಭಿನ್ನಾಭಿಪ್ರಾಯವನ್ನು ವರದಿಯಲ್ಲಿ ಮುಚ್ಚಿಡಬೇಡಿ, ಅದೇ ವರದಿಯ ಸ್ವಾರಸ್ಯದ ಭಾಗ.

ಹಂತ 9: ಈ ಲೇಖನ ಇನ್ನೂ ಬದುಕಿದೆಯೇ?

ವಿಜ್ಞಾನ ಪತ್ರಿಕೆಗಳು ಕೆಲವು ಲೇಖನಗಳನ್ನು ಹಿಂದಕ್ಕೆ ಪಡೆಯುತ್ತವೆ. 2010ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ, ಮೋನೋ ಸರೋವರದ ಒಂದು ಬ್ಯಾಕ್ಟೀರಿಯಾ ರಂಜಕದ ಬದಲು ಆರ್ಸೆನಿಕ್ ಬಳಸಿ ಬೆಳೆಯುತ್ತದೆ ಎಂಬ ಲೇಖನ ಬಂತು. ಜಗತ್ತೆಲ್ಲ ಸುದ್ದಿ. 2012ರಲ್ಲಿ ಬೇರೆ ತಂಡಗಳು ಪರೀಕ್ಷಿಸಿದಾಗ ಅದು ನಿಲ್ಲಲಿಲ್ಲ. ಪತ್ರಿಕೆ ಲೇಖನವನ್ನು ಹಿಂದಕ್ಕೆ ಪಡೆದದ್ದು 2025ರಲ್ಲಿ. ಆದರೆ 2010ರ ಸುದ್ದಿಪುಟಗಳು ಇನ್ನೂ ಹಾಗೆಯೇ ನೆಟ್‌ನಲ್ಲಿ ಇವೆ. ಲೇಖನದ ಮೂಲ ಪುಟಕ್ಕೆ ಹೋಗಿ ‘ರಿಟ್ರ್ಯಾಕ್ಟೆಡ್’ ಎಂಬ ಪದ ಇದೆಯೇ ನೋಡಿ. ರಿಟ್ರ್ಯಾಕ್ಷನ್ ವಾಚ್‌ನ ಪಟ್ಟಿಯಲ್ಲೂ ಹುಡುಕಬಹುದು.

ಹಳೆಯದು ಎಂದ ಮಾತ್ರಕ್ಕೆ ಕೆಟ್ಟದ್ದಲ್ಲ. ನೀರಿನ ಸಾಂದ್ರತೆ ಮೂವತ್ತು ವರ್ಷದಲ್ಲಿ ಬದಲಾಗುವುದಿಲ್ಲ. ಗಾಳಿಯ ಕಾರ್ಬನ್ ಡೈಆಕ್ಸೈಡ್, ಔಷಧ, ಶನಿಗ್ರಹದ ಉಪಗ್ರಹಗಳ ಸಂಖ್ಯೆ ಬದಲಾಗುತ್ತವೆ. ಅಂಥದ್ದಕ್ಕೆ ಪುಟದ ದಿನಾಂಕ ನೋಡಲೇಬೇಕು.

ಹಂತ 10: ಎಐ ಚಾಟ್‌ಬಾಟ್‌ಗೆ ಯಾವ ಕೆಲಸ ಕೊಡಬೇಕು

ಪದ ಹುಡುಕಲು, ಕಷ್ಟದ ಸಾರಾಂಶವನ್ನು ಸುಲಭ ಮಾಡಿಕೊಳ್ಳಲು, ಪ್ರಶ್ನೆ ಒಡೆಯಲು ಕೇಳಿ. ಮೂಲ ಕೇಳಿದರೆ ಎಚ್ಚರ. ಇಲ್ಲದ ಲೇಖನಕ್ಕೆ ಇರುವ ಲೇಖಕರ ಹೆಸರು, ಇರುವ ಪತ್ರಿಕೆಯ ಹೆಸರು ಜೋಡಿಸಿ ಕೊಡುವುದು ಅದಕ್ಕೆ ಬಹಳ ಸಲೀಸು. 2023ರಲ್ಲಿ ನ್ಯೂಯಾರ್ಕ್‌ನ ವಕೀಲರು ಚಾಟ್‌ಬಾಟ್ ಹುಟ್ಟಿಸಿದ ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಕೊಟ್ಟು 5,000 ಡಾಲರ್ ದಂಡ ಕಟ್ಟಿದರು. ಸರ್ಚ್‌ನ ತಲೆಯ ಮೇಲೆ ಬರುವ ಎಐ ಸಾರಾಂಶವೂ ಇದೇ ಜಾತಿ. ಅದು ಕೊಟ್ಟ ಕೊಂಡಿ ತೆರೆದು, ಆ ಮಾತು ಅಲ್ಲಿ ನಿಜವಾಗಿ ಇದೆಯೇ ನೋಡಿ. ಲೇಖನದ ಹೆಸರು ಕೊಟ್ಟರೆ ಸ್ಕಾಲರ್‌ನಲ್ಲಿ ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿ. ಡಿಒಐ ಎಂಬುದು ಲೇಖನದ ಗುರುತಿನ ಸಂಖ್ಯೆ, 10ರಿಂದ ಶುರುವಾಗುತ್ತದೆ. ಅದನ್ನು ಕೊಟ್ಟರೆ ಡಿಒಐ ತಾಣದಲ್ಲಿ (doi.org) ಹಾಕಿ. ಲೇಖನ ತೆರೆಯದಿದ್ದರೆ, ಅಥವಾ ಬೇರೆಯದೇ ತೆರೆದರೆ, ಅದು ಕಟ್ಟುಕತೆ ಎಂದೇ ಇಟ್ಟುಕೊಳ್ಳಿ.

ಹಂತ 11: ಸಿಕ್ಕ ಕ್ಷಣದಲ್ಲೇ ಬರೆದಿಡಿ

ಕೊನೆಯ ರಾತ್ರಿ ‘ಆ ಪುಟ ಎಲ್ಲಿತ್ತು’ ಎಂದು ಬ್ರೌಸರ್ ಜಾಲಾಡುವ ಕಷ್ಟ ನನಗೆ ಚೆನ್ನಾಗಿ ಗೊತ್ತು. ಒಂದು ನೋಟ್‌ಬುಕ್ ಅಥವಾ ಸ್ಪ್ರೆಡ್‌ಶೀಟ್ ಇಡಿ. ಲೇಖಕರು ಅಥವಾ ಸಂಸ್ಥೆ, ಶೀರ್ಷಿಕೆ, ವರ್ಷ, ವಿಳಾಸ ಅಥವಾ ಡಿಒಐ, ನೀವು ನೋಡಿದ ದಿನ, ಮತ್ತು ನನ್ನ ಯಾವ ಪ್ರಶ್ನೆಗೆ ಇದು ಉತ್ತರ ಎಂಬುದು. ತಿಳಿದದ್ದನ್ನು ಪುಟ ಮುಚ್ಚಿ ನಿಮ್ಮ ಮಾತಿನಲ್ಲಿ ಬರೆಯಿರಿ. ಹಾಗೇ ನಕಲು ಮಾಡಿದ ಸಾಲಿದ್ದರೆ ಆಗಲೇ ಉದ್ಧರಣ ಚಿಹ್ನೆ ಹಾಕಿಬಿಡಿ, ಒಂದು ವಾರದ ನಂತರ ಯಾವುದು ನಿಮ್ಮದು ಯಾವುದು ಅವರದು ಎಂದು ನಿಮಗೇ ಗೊತ್ತಾಗುವುದಿಲ್ಲ. ಮುಖ್ಯವಾದ ಪುಟವನ್ನು ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಉಳಿಸಿ. ಮೂಲ ಪುಟ ಮಾಯವಾದರೂ ಆ ದಿನದ ಪ್ರತಿ ಅಲ್ಲಿರುತ್ತದೆ.

ಆ ಹಾಳೆಯಲ್ಲಿ ಇನ್ನೊಂದು ಕಾಲಂ ಇಡಿ: ‘ಅಳೆದವರು ಯಾರು?’ ಕೆಲವು ಸಾಲುಗಳಲ್ಲಿ ಅದು ಖಾಲಿ ಉಳಿಯುತ್ತದೆ. ಆ ಸಾಲುಗಳು ಪ್ರಾಜೆಕ್ಟ್‌ಗೆ ಬೇಕೇ ಬೇಕು ಅನ್ನಿಸಿದರೆ ಹಾಕಿ, ಆದರೆ ‘ಅಂತೆ’ ಸೇರಿಸಿಯೇ ಹಾಕಿ. ‘ಹೀಗೆ ಹೇಳಲಾಗುತ್ತದೆ, ಅಳತೆ ಸಿಗಲಿಲ್ಲ’ ಎಂದು ಬರೆದ ಒಂಬತ್ತನೇ ತರಗತಿಯ ವರದಿ ಕೈಗೆ ಬಂದರೆ, ನಾನು ಕೊನೆಯ ಪುಟದಿಂದ ಮೊದಲ ಪುಟಕ್ಕೆ ವಾಪಸ್ ಹೋಗಿ ಪೂರ್ತಿ ಓದುತ್ತೇನೆ.